ಬೆರಳಿಗೆ ಸಿಗದ ಹೆಸರು

ನನ್ನ ಮೇಜಿನ ಮೇಲೆ ಅಂಗೈಗಿಂತ ಸ್ವಲ್ಪ ಉದ್ದದ ಒಂದು ಲೋಹದ ಬಸ್ಸು ಇದೆ. ಅಚ್ಚಿನಲ್ಲಿ ಎರಕ ಹೊಯ್ದು ಮಾಡುವ ಆಟಿಕೆ; ಗಲ್ಫಿಗೆ ಹೋದವರು ರಜೆಯಲ್ಲಿ ಬರುವಾಗ ತರುತ್ತಿದ್ದಂಥದ್ದು. ತಿಳಿನೀಲಿ ಬಣ್ಣ, ಪಕ್ಕದಲ್ಲಿ ಸಣ್ಣ ಬಿಳಿ ಪಟ್ಟಿ. ನೋಡಿದವರು ಹೊಸದೆಂದೇ ತಿಳಿಯುತ್ತಾರೆ. ಆ ಬಣ್ಣ ಹೊಡೆಸಿದವನು ನಾನು. ಅದಕ್ಕೆ ಮೊದಲು ಅದರ ಮೇಲಿದ್ದ ಬಣ್ಣವನ್ನೆಲ್ಲ ಕಿತ್ತು ತೆಗೆದವನೂ ನಾನೇ. ಆಗ ಆ ಬಸ್ಸು ನನ್ನದಾಗಿರಲಿಲ್ಲ.

ಬರೆಯಲು ಕೂರುವ ಮೊದಲು ಹಳೆಯ ಡೈರಿಗಳನ್ನು ತೆಗೆದು ನೋಡಿದೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಆದರೆ ಡೈರಿಗಳೂ ಅಷ್ಟು ನಂಬಿಕೆಗೆ ಅರ್ಹವಲ್ಲ. ಗಲ್ಫಿನಲ್ಲಿದ್ದ ಮಾಮ ಪ್ರತಿ ಸಲ ತಮ್ಮ ಕಂಪನಿಯ ದಪ್ಪ ಡೈರಿ ತರುತ್ತಿದ್ದರು. ಅವರು ಬರುವಷ್ಟರಲ್ಲಿ ಆ ವರ್ಷ ಮುಗಿಯುತ್ತಾ ಬಂದಿರುತ್ತಿತ್ತು. ಖಾಲಿ ಹಾಳೆ ಬಿಸಾಡಲು ಮನಸ್ಸಾಗದೆ ನಾನು ಕಳೆದ ವರ್ಷದ ಡೈರಿಯಲ್ಲಿ ಈ ವರ್ಷದ ದಿನಗಳನ್ನು ಬರೆಯುತ್ತಿದ್ದೆ. ಹಾಗಾಗಿ ಪುಟದ ಮೇಲಿನ ತಾರೀಕು ಒಂದು, ಕೆಳಗಿನ ಬದುಕು ಇನ್ನೊಂದು. ಬಸ್ಸಿನ ಸಂಗತಿ ನಡೆದದ್ದು ತೊಂಬತ್ತೆಂಟರಲ್ಲೋ ತೊಂಬತ್ತೊಂಬತ್ತರಲ್ಲೋ ಎಂದು ಈಗ ಖಚಿತವಾಗಿ ಹೇಳಲಾರೆ. ಎಲ್ಲಕ್ಕಿಂತ ಮುಖ್ಯವಾದ ಪುಟವೂ ಈಗ ನನ್ನ ಬಳಿ ಇಲ್ಲ. ಅದು ಎಲ್ಲಿದೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಈ ಹುಚ್ಚು ಶುರುವಾದದ್ದು ಬಂಟ್ವಾಳ ಪೇಟೆಯ ನಮ್ಮ ಮನೆಯಲ್ಲಿ. ಮಾಮ ತಂದ ಸಣ್ಣ ಸಣ್ಣ ಕಾರು, ಲಾರಿಗಳನ್ನು ಉಮ್ಮ ನಮಗೆ ಆಡಲು ಕೊಟ್ಟದ್ದೇ ಇಲ್ಲ. ಅವು ನಡುಮನೆಯ ಗಾಜಿನ ಶೋಕೇಸಿನಲ್ಲಿ, ಸೆಂಟಿನ ಖಾಲಿ ಬಾಟಲಿಗಳ ಪಕ್ಕದಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಬಂದವರು ನೋಡಬೇಕು, ಅಷ್ಟೇ. ನಮ್ಮ ಊರಿನ ತೇವಕ್ಕೆ ವರ್ಷ ಹೋದಂತೆ ಅವುಗಳ ಬಣ್ಣ ಗುಳ್ಳೆ ಎದ್ದಿತು, ಒಳಗಿನಿಂದ ಬಿಳಿ ಪುಡಿ ಉದುರತೊಡಗಿತು. ತೊಂಬತ್ತರ ದಶಕದ ಮೊದಲಲ್ಲಿ, ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಾಗ, ಒಂದು ರಜೆಯಲ್ಲಿ ಅವುಗಳ ಬಣ್ಣ ತೆಗೆದು ಹೊಸದಾಗಿ ಬಳಿಯುವ ಯೋಚನೆ ಬಂತು. ಕಾಸ್ಟಿಕ್ ಸೋಡಾ ತಂದು ಬಿಸಿನೀರಿಗೆ ಹಾಕಿದೆ. ಕೈಗೆ ಸಿಕ್ಕಿದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹಾಕಿದ್ದೇ ತಪ್ಪಾಯಿತು. ಕಾರಿನ ಬಣ್ಣ ಹೋಗುವ ಮೊದಲು ಪಾತ್ರೆಯೇ ನೊರೆ ಉಕ್ಕಿ, ಕಪ್ಪಾಗಿ, ತಳದಲ್ಲಿ ತೂತಾಯಿತು.

"ನಿನ್ನನ್ನು ಎಂ.ಎ. ಓದಿಸಿದ್ದು ಪಾತ್ರೆ ತೂತು ಮಾಡುವುದಕ್ಕಾ?" ಎಂದು ಉಮ್ಮ ಕೇಳಿದರು. "ಅದಕ್ಕೆ ಎಸ್ಸೆಸ್ಸೆಲ್ಸಿ ಸಾಕಿತ್ತಲ್ಲ!"

ಆಮೇಲೆ ಕಲಿತೆ. ಅಂಗಡಿಯಲ್ಲಿ ಸಿಗುವ ಪೇಂಟ್ ರಿಮೂವರ್, ಗಾಜಿನ ಭರಣಿ, ಹಳೆಯ ಹಲ್ಲುಜ್ಜುವ ಬ್ರಶ್ಶು. ಗಾಡಿಯ ತಳದಲ್ಲಿ ಎರಡು ರಿವೆಟ್ ಇರುತ್ತವೆ. ಅವುಗಳ ತಲೆಯನ್ನು ಕೊರೆದರೆ ಮೇಲಿನ ಬಾಡಿ ಬೇರೆ, ಕೆಳಗಿನ ಚಕ್ರದ ತಟ್ಟೆ ಬೇರೆಯಾಗುತ್ತದೆ. ಬಾಡಿಗೆ ರಿಮೂವರ್ ಹಚ್ಚಿ ಕಾಲು ಗಂಟೆ ಬಿಟ್ಟರೆ ಬಣ್ಣ ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಬ್ರಶ್ಶಿನಿಂದ ತಿಕ್ಕಿದರೆ ಬೂದುಬಣ್ಣದ ಲೋಹ ಹೊರಬರುತ್ತದೆ. ಬಾಗಿಲಿನ ಗೆರೆ, ಹಿಡಿಕೆ, ಮುಂದಿನ ಜಾಲರಿ, ಬಣ್ಣದಡಿ ಮುಚ್ಚಿಹೋಗಿದ್ದ ಎಲ್ಲವೂ ಒಮ್ಮೆಗೆ ಚೂಪಾಗಿ ಕಾಣಿಸುತ್ತದೆ. ಆ ಗಳಿಗೆಯ ಖುಷಿ ದೊಡ್ಡದು. ಅದನ್ನು ನಾನು ಸತ್ಯ ಸಿಕ್ಕಿದ ಖುಷಿ ಎಂದುಕೊಂಡಿದ್ದೆ.

ಎಂ.ಎ. ಮುಗಿಸಿ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಪಾಠ ಮಾಡತೊಡಗಿದೆ. ಬಸ್‌ಸ್ಟ್ಯಾಂಡಿಗೆ ಹತ್ತಿರ ಒಂದು ಮಹಡಿಯ ಕೋಣೆ ಬಾಡಿಗೆಗೆ ಹಿಡಿದೆ. ಭಾನುವಾರ ಊರಿಗೆ ಹೋಗದಿದ್ದರೆ ಕೋಣೆಯ ಹಿಂದಿನ ಬಾಲ್ಕನಿಯಲ್ಲಿ ಇದೇ ಕೆಲಸ. ವಾರದ ದಿನಗಳಲ್ಲಿ ಮಕ್ಕಳನ್ನು ಬಸದಿಗಳಿಗೆ ಕರೆದುಕೊಂಡು ಹೋಗಿ ಕಲ್ಲು, ಕಂಬ, ಶಾಸನ ತೋರಿಸುತ್ತಿದ್ದೆ. ಒಂದು ಮಾತನ್ನು ಪ್ರತಿ ವರ್ಷ ಹೇಳುತ್ತಿದ್ದೆ: ಕಟ್ಟಡದ ಮೇಲೆ ಆಮೇಲಿನವರು ಸೇರಿಸಿದ್ದು, ಬಳಿದದ್ದು, ಕೆತ್ತಿದ್ದು ಎಲ್ಲವೂ ಅದರ ಚರಿತ್ರೆಯೇ, ಮೊದಲಿನದ್ದು ಮಾತ್ರ ನಿಜ ಎಂದುಕೊಳ್ಳಬೇಡಿ. ಪರೀಕ್ಷೆಗೂ ಅದನ್ನು ಕೇಳಿದ್ದೇನೆ. ಚೆನ್ನಾಗಿ ಬರೆದವರಿಗೆ ಅಂಕ ಕೊಟ್ಟಿದ್ದೇನೆ.

ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವರು ದಿನಾ ಬೆಳ್ತಂಗಡಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ದಿನ ಸಂಬಳದ ಪುಸ್ತಕಕ್ಕೆ ಸಹಿ ಹಾಕುವಾಗ ಅವರೇ ಮಾತು ತೆಗೆದರು.

"ಸರ್, ನೀವು ಈ ಸಣ್ಣ ಗಾಡಿ ಎಲ್ಲ ರಿಪೇರಿ ಮಾಡ್ತೀರಂತೆ?"

"ರಿಪೇರಿ ಅಂತ ಅಲ್ಲ ಮೇಡಂ. ಸುಮ್ಮನೆ ಒಂದು ಹುಚ್ಚು."

"ನಮ್ಮ ಅಪ್ಪನದ್ದೊಂದು ಬಸ್ಸು ಉಂಟು. ಮುಂದಿನ ಚಕ್ರ ತಿರುಗುವುದಿಲ್ಲ. ದಿನಾ ಅದರದ್ದೇ ಚಿಂತೆ ಅವರಿಗೆ. ಅಮ್ಮ ಹೇಳ್ತಾರೆ, ನನ್ನ ಗಂಟುನೋವಿಗೆ ಇದರ ಅರ್ಧ ಚಿಂತೆ ಮಾಡಿದ್ದರೆ ನಾನು ಈಗ ಓಡ್ತಿದ್ದೆ ಅಂತ."

ಮರುದಿನ ಬಸ್ಸನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ ತಂದುಕೊಟ್ಟರು. ಅವರ ಅಪ್ಪ ಬೆಳ್ತಂಗಡಿ–ಮೂಡುಬಿದಿರೆ ದಾರಿಯ ಒಂದು ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಶುಗರ್‌ನಿಂದ ಕಣ್ಣು ಹೋಗುತ್ತಾ ಬಂದು ಕೆಲಸ ಬಿಟ್ಟಿದ್ದರು. ಅವರ ಬಸ್ಸಿನಲ್ಲಿ ದಿನಾ ಬರುತ್ತಿದ್ದ ಒಬ್ಬರು ಬ್ಯಾರಿಗಳು ಗಲ್ಫಿಗೆ ಹೋಗಿ ಬಂದಾಗ, "ನಿಮ್ಮದರ ಹಾಗೆಯೇ ಉಂಟು" ಎಂದು ಈ ಆಟಿಕೆ ಕೊಟ್ಟಿದ್ದರಂತೆ. ಇಷ್ಟು ಗುಮಾಸ್ತೆಯವರು ನನಗೆ ಹೇಳಿದ್ದರು.

ಇಲ್ಲಿ ನನ್ನ ನೆನಪು ಮೊದಲ ಬಾರಿ ಮೋಸ ಮಾಡುತ್ತದೆ. ಬಸ್ಸು ಕೊಡುವಾಗ ಅವರು "ಸ್ವಲ್ಪ ಚಂದ ಮಾಡಿ ಕೊಡಿ ಸರ್" ಎಂದರೆಂದು ನಾನು ಬಹಳ ವರ್ಷ ನಂಬಿದ್ದೆ. ಅವರ ದನಿಯಲ್ಲೇ ಆ ಮಾತು ನನಗೆ ಕೇಳಿಸುತ್ತದೆ. ಆದರೆ ಅವತ್ತು ಸಂಜೆ ಡೈರಿಯಲ್ಲಿ ಬರೆದದ್ದು ಬೇರೆ. ಆ ಪುಟ ಈಗಲೂ ಇದೆ: "ಕಚೇರಿಯ ಮೇಡಂ ತಂದೆಯ ಬಸ್ಸು ಕೊಟ್ಟರು. ಮುಂದಿನ ಚಕ್ರ ಸಿಕ್ಕಿಕೊಂಡಿದೆ, ಅದು ಸರಿಯಾದರೆ ಸಾಕಂತೆ." ಸಾಕಂತೆ ಎಂದು ನಾನೇ ಬರೆದಿದ್ದೇನೆ. ಚಂದದ ಮಾತು ಎಲ್ಲಿಯೂ ಇಲ್ಲ.

ಬಸ್ಸು ಕಡುಗೆಂಪು ಬಣ್ಣದ್ದು. ಮನೆಯ ಕಿಟಕಿ, ಗೇಟಿಗೆ ಬಳಿಯುವ ಎನಾಮಲ್ ಪೇಂಟನ್ನು ಕೈಯಲ್ಲೇ ದಪ್ಪಕ್ಕೆ ಬಳಿದಿದ್ದರು. ಕಿಟಕಿಯ ಅಂಚುಗಳೆಲ್ಲ ದುಂಡಗಾಗಿ, ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದಂತೆ ಕಾಣುತ್ತಿತ್ತು. ಮುಂದಿನ ಗಾಜಿಗಿಂತ ಮೇಲೆ, ಹಣೆಯಲ್ಲಿ, ನಮ್ಮ ಕಡೆಯ ಬಸ್ಸುಗಳಿಗೆ ಹೆಸರು ಬರೆಯುವ ಜಾಗದಲ್ಲಿ, ಬಿಳಿಯ ಮೂರು ಅಕ್ಷರ. ಬಸ್ಸಿನ ಧಣಿಗಳ ಮಗಳ ಹೆಸರು ಅದು ಎಂದು ಆಮೇಲೆ ತಿಳಿಯಿತು. ಇಲ್ಲಿ ಅದನ್ನು ಬರೆಯುವುದಿಲ್ಲ. ಆ ಅಕ್ಷರಗಳು ಹುರುಳಿಕಾಳಿನಷ್ಟು ಉಬ್ಬಿ ನಿಂತಿದ್ದವು. ಇಷ್ಟು ದಪ್ಪ ಯಾಕೆ ಎಂದು ನಾನು ಯೋಚಿಸಲಿಲ್ಲ. ಕೈ ಪಳಗದವರ ಕೆಲಸ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ರಿವೆಟ್ ಕೊರೆದು ಬಾಡಿ ಬೇರೆ ಮಾಡಿದೆ. ಚಕ್ರ ಸಿಕ್ಕಿಕೊಂಡಿದ್ದದ್ದು ಒಳಗೆ ಇಳಿದು ಒಣಗಿದ ಬಣ್ಣದಿಂದ ಮತ್ತು ಸುತ್ತಿಕೊಂಡ ಒಂದು ಎಳೆ ದಾರದಿಂದ. ಅಲಗಿನ ತುದಿಯಿಂದ ಕೆರೆದು, ದಾರ ಎಳೆದು, ಒಂದು ತೊಟ್ಟು ಎಣ್ಣೆ ಬಿಟ್ಟೆ. ಚಕ್ರ ತಿರುಗಿತು. ಕೇಳಿದ ಕೆಲಸ ಹತ್ತು ನಿಮಿಷದಲ್ಲಿ ಮುಗಿದಿತ್ತು. ಬಾಡಿಯನ್ನು ಮತ್ತೆ ಕೂರಿಸಿ ಸೋಮವಾರ ಕೊಟ್ಟುಬಿಡಬಹುದಿತ್ತು.

ಬಾಡಿಯನ್ನು ತಿರುಗಿಸಿ ಒಳಭಾಗ ನೋಡಿದೆ. ಅಲ್ಲಿಗೆ ಯಾರ ಬ್ರಶ್ಶೂ ಹೋಗಿರಲಿಲ್ಲ. ಕಾರ್ಖಾನೆಯಲ್ಲಿ ಹೊಡೆದ ತಿಳಿನೀಲಿ ಹಾಗೆಯೇ ಇತ್ತು, ನಯವಾಗಿ, ತೆಳುವಾಗಿ. ಅದು ಕಂಡದ್ದೇ ನನ್ನ ಕೈ ರಿಮೂವರ್ ಡಬ್ಬಿಯ ಕಡೆಗೆ ಹೋಯಿತು. ಯಾರನ್ನೂ ಕೇಳಬೇಕೆಂದು ಅನಿಸಲಿಲ್ಲ. ಅಥವಾ ಅನಿಸಿತು, ಕೇಳಿದರೆ ಬೇಡ ಎನ್ನಬಹುದು ಎಂದೂ ಅನಿಸಿತು. ಈ ಎರಡರಲ್ಲಿ ಯಾವುದು ನಿಜವೆಂದು ನಾನು ಇವತ್ತಿಗೂ ಪ್ರಮಾಣ ಮಾಡಿ ಹೇಳಲಾರೆ. ಎರಡನೆಯದೇ ಇರಬೇಕು. ಇಲ್ಲದಿದ್ದರೆ ಮರುದಿನ ಕಚೇರಿಯಲ್ಲಿ ಅವರು "ಆಯ್ತಾ ಸರ್?" ಎಂದು ಕೇಳಿದಾಗ "ಇನ್ನೂ ಸ್ವಲ್ಪ ಉಂಟು" ಎಂದು ಹೇಳಿ ಯಾಕೆ ಬೇಗ ಬೇಗ ಹೊರಟುಬರಬೇಕಿತ್ತು?

ಮೊದಲ ಸಲ ತಿಕ್ಕಿದಾಗ ಕಡುಗೆಂಪು ಹೋಗಿ ಬಿಳಿ ಬಂತು. ಇನ್ನೊಮ್ಮೆ ರಿಮೂವರ್ ಹಚ್ಚಿದೆ. ಬಿಳಿ ಹೋಗಿ ಕಿತ್ತಳೆ. ಆಮೇಲೆ ಇನ್ನೊಂದು, ಅದರಡಿ ಮತ್ತೊಂದು. ಹಳದಿ ಇತ್ತು, ಹಸಿರು ಇತ್ತು, ಕೆನೆಬಣ್ಣ ಇತ್ತು. ಕಲಿತ ವಿದ್ಯೆಯ ಚಾಳಿಯಿಂದ ಪ್ರತಿ ಪದರವನ್ನೂ ಡೈರಿಯಲ್ಲಿ ಒಂದರ ಕೆಳಗೊಂದು ಬರೆದುಕೊಂಡೆ. ಒಟ್ಟು ಒಂಬತ್ತು. ಹೆಸರು ಎಲ್ಲಕ್ಕಿಂತ ಕೊನೆಗೆ ಹೋಯಿತು. ಸುತ್ತಲಿನ ಬಣ್ಣವೆಲ್ಲ ಕರಗಿ ಲೋಹ ಕಾಣುತ್ತಿದ್ದರೂ ಆ ಮೂರು ಅಕ್ಷರ ಮಾತ್ರ ದಿಬ್ಬದಂತೆ ನಿಂತೇ ಇದ್ದವು. ಒಂಬತ್ತು ಸಲ ಯಾರೋ ಅದೇ ಜಾಗದಲ್ಲಿ, ಅದೇ ಅಕ್ಷರದ ಮೇಲೆ, ಅದೇ ಅಕ್ಷರ ಬರೆದಿದ್ದಾರೆ ಎಂದು ಆಗಲಾದರೂ ಗೊತ್ತಾಗಬೇಕಿತ್ತು. ಗೊತ್ತಾಯಿತು ಎಂದೇ ನನ್ನ ಅನುಮಾನ. ನಾನು ಆ ಹೆಸರನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ ಕೆರೆದೆ. ಬಹಳ ಹೊತ್ತಿನ ಮೇಲೆ ಇಡಿಯಾಗಿ ಎದ್ದು ಬಂತು. ಕಾಗದದಲ್ಲಿ ಒರೆಸಿ ಬಿಸಾಡಿದೆ.

ಮುಂದಿನ ವಾರ ಒಂದು ಗ್ಯಾರೇಜಿನಲ್ಲಿ ಕಾರಿಗೆ ಬಣ್ಣ ಹೊಡೆಯುವವರ ಕೈಯಿಂದ ತಿಳಿನೀಲಿ ಸ್ಪ್ರೇ ಮಾಡಿಸಿದೆ. ಬೆರಳು ಜಾರುವಷ್ಟು ನುಣುಪು. ಬಿಳಿ ಪಟ್ಟಿ ಎಳೆದೆ. ಅದನ್ನು ಕಚೇರಿಯಲ್ಲಿ ಕೊಡಲು ನನಗೆ ಮನಸ್ಸಾಗಲಿಲ್ಲ. ಅವರ ಅಪ್ಪನ ಮುಖದಲ್ಲಿ ಆಗುವ ಬದಲಾವಣೆ ನೋಡಬೇಕೆಂಬ ಆಸೆ. ನಾನೇ ತಂದುಕೊಡುತ್ತೇನೆ ಎಂದು ಹೇಳಿ, ಒಂದು ಶನಿವಾರ ಮಧ್ಯಾಹ್ನ ಗುಮಾಸ್ತೆಯವರ ಜೊತೆಯಲ್ಲೇ ಬಸ್ಸು ಹತ್ತಿದೆ. ದಾರಿಯಲ್ಲಿ ಅವರು ನೋಡಲು ಕೇಳಿದರು. "ಮನೆಯಲ್ಲೇ ನೋಡುವ" ಎಂದೆ.

ಮನೆ ರಸ್ತೆಗೆ ತಾಗಿಯೇ ಇತ್ತು. ಡ್ರೈವರು ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೋಗುವ ಬರುವ ಬಸ್ಸುಗಳ ಸದ್ದು ಕೇಳುತ್ತಿದ್ದರು. ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತರುವಾಗ ಅವರ ಮಾತು ಇದ್ದದ್ದಕ್ಕಿಂತ ಸ್ವಲ್ಪ ಸಭ್ಯವಾಗಿ ಕೇಳಿಸೀತು.

"ಬನ್ನಿ ಮಾಷ್ಟ್ರೇ, ಕೂತುಕೊಳ್ಳಿ. ನೀವು ಬಂದ ಗಾಡಿಯ ಡ್ರೈವರು ಹೊಸಬ ಅಲ್ವ? ಸ್ಟಾಪಿನಿಂದ ಇಷ್ಟು ಮುಂದೆ ಹೋಗಿ ಬ್ರೇಕ್ ಹಾಕಿದ. ನಮ್ಮ ಕಾಲದಲ್ಲಿ ಹಾಗೆ ಮಾಡಿದ್ದರೆ ಅಜ್ಜಿಯಂದಿರು ಇಳಿಯುವಾಗ ಶಾಪ ಹಾಕ್ತಿದ್ದರು."

ಅವರ ಹೆಂಡತಿ ಒಳಗಿನಿಂದಲೇ, "ಈಗಲೂ ಗಾಡಿ ಬಿಡುವುದು ಇವರೇ ಮಾಷ್ಟ್ರೇ, ಕುರ್ಚಿಯಲ್ಲಿ ಕೂತು!" ಎಂದರು.

ನಾನು ಬಸ್ಸನ್ನು ಅವರ ಕೈಗೆ ಕೊಟ್ಟೆ. ಮೊದಲು ಚಕ್ರ ತಿರುಗಿಸಿದರು. ಸರ್ರನೆ ತಿರುಗಿತು. "ಓ, ಭಾರೀ ಲಾಯಕ್ ಆಯ್ತು," ಎಂದು ನಕ್ಕರು. ಹಾಗೆ ನಗುತ್ತಲೇ ಅವರ ಬಲಗೈ ಹೆಬ್ಬೆರಳು ಬಸ್ಸಿನ ಹಣೆಗೆ ಹೋಯಿತು. ಅಲ್ಲಿ ಸ್ವಲ್ಪ ಆಚೆ ಈಚೆ ಆಡಿತು. ಬಸ್ಸನ್ನು ಹಿಂದುಮುಂದಾಗಿ ಹಿಡಿದಿದ್ದೇನೆಂದು ಎಣಿಸಿರಬೇಕು, ತಿರುಗಿಸಿ ಹಿಂಭಾಗದಲ್ಲಿ ಹುಡುಕಿದರು. ಮತ್ತೆ ತಿರುಗಿಸಿದರು. ನಗು ಮುಖದಲ್ಲೇ ಇತ್ತು, ಅದನ್ನು ತೆಗೆಯಲು ಮರೆತವರ ಹಾಗೆ.

"ಮಗಳೇ, ಇದು ನಮ್ಮ ಬಸ್ಸಾ?"

ಮಗಳು ಚಪ್ಪಲಿ ಬಿಟ್ಟು ಜಗಲಿಗೆ ಹತ್ತುತ್ತಿದ್ದವರು ಆಗಷ್ಟೇ ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಹೌದಪ್ಪ. ಬಣ್ಣ ಬೇರೆ ಆಗಿದೆ," ಎಂದರು.

ಆಗ ಡ್ರೈವರು ನನಗೆ ವಿವರಿಸಿದರು, ನನ್ನದು ತಪ್ಪೆಂದು ಹೇಳಲು ಅಲ್ಲ, ನನಗೆ ಗೊತ್ತಿಲ್ಲವಲ್ಲ ಎಂದು. ಪ್ರತಿ ವರ್ಷ ಬಸ್ಸು ಎಫ್‌.ಸಿ.ಗೆ, ಅಂದರೆ ಆರ್.ಟಿ.ಓ. ತಪಾಸಣೆಗೆ, ಹೋಗುವ ಮೊದಲು ಪೂರ್ತಿ ಪೇಂಟ್ ಆಗಬೇಕು. ಧಣಿಗಳಿಗೆ ಒಂದೊಂದು ವರ್ಷ ಒಂದೊಂದು ಬಣ್ಣದ ಮೇಲೆ ಮನಸ್ಸು. ಕೆಲಸ ಮುಗಿದ ಮೇಲೆ ಡಬ್ಬಿಯ ತಳದಲ್ಲಿ ಉಳಿದ ಪೇಂಟನ್ನು ಇವರು ಮನೆಗೆ ತಂದು ಆಟಿಕೆ ಬಸ್ಸಿಗೂ ಬಳಿಯುತ್ತಿದ್ದರು. ದೊಡ್ಡದಕ್ಕೆ ಯಾವ ಬಣ್ಣವೋ ಸಣ್ಣದಕ್ಕೂ ಅದೇ. ಬೆಂಕಿಕಡ್ಡಿಯ ತುದಿಯಿಂದ ಹೆಸರು ಬರೆಯುತ್ತಿದ್ದರು. ಹಳೆಯದನ್ನು ಕೆರೆಯುತ್ತಿರಲಿಲ್ಲ, ಅದರ ಮೇಲೆಯೇ. ಕೊನೆಯ ವರ್ಷ ಕಣ್ಣು ಮಂಜಾಗಿದ್ದರೂ ಬರೆಯಲು ತೊಂದರೆಯಾಗಲಿಲ್ಲವಂತೆ. ಅಕ್ಷರ ಬೆರಳಿಗೇ ಸಿಗುತ್ತಿತ್ತು.

"ಈಗ ಕೂಡ ಅಷ್ಟೇ. ಕೈಯಲ್ಲಿ ಹಿಡಿದರೆ ಹೆಸರು ಓದಲಿಕ್ಕೆ ಆಗ್ತಿತ್ತು," ಎಂದರು. "ಎಂತ ಆಯ್ತು ಮಾರಾಯ್ರೆ ಬಣ್ಣಕ್ಕೆ?"

ನಾನು ತೆಗೆದೆ ಎನ್ನಬೇಕಿತ್ತು. "ಚಕ್ರ ಬಿಡಿಸಲಿಕ್ಕೆ ಸೀಮೆಎಣ್ಣೆಯಲ್ಲಿ ಹಾಕಿಟ್ಟಿದ್ದೆ. ಬಣ್ಣ ಅದಾಗಿಯೇ ಎದ್ದು ಬಂತು," ಎಂದೆ. "ಹಾಗೇ ಬಿಡುವುದು ಬೇಡ ಅಂತ ಹೊಸ ಬಣ್ಣ ಹೊಡೆಸಿದೆ."

"ಸೀಮೆಎಣ್ಣೆಗೆ ಎನಾಮಲ್ ಏಳ್ತದಾ?"

"ತುಂಬ ಹಳತಾಗಿತ್ತಲ್ಲ."

ಅವರು ಚಕ್ರವನ್ನು ಇನ್ನೊಮ್ಮೆ ತಿರುಗಿಸಿದರು. "ಹೌದು, ಹಳತೇ," ಎಂದರು. ಆಮೇಲೆ ಅವರೇ ಆ ಮಾತನ್ನು ದಾಟಿಸಿ, ಮುಂದಕ್ಕೆ ಬಾಗಿ ಕೇಳಿದರು: "ಅಲ್ಲ ಮಾಷ್ಟ್ರೇ, ಎದ್ದು ಬರುವಾಗ ಒಳಗಿನ ಬಣ್ಣ ಎಲ್ಲ ನಿಮಗೆ ಕಂಡಿರಬೇಕಲ್ಲ? ಹಸಿರು ಮೊದಲಾ, ಹಳದಿ ಮೊದಲಾ? ಹಸಿರು ಮೊದಲು, ಹಸಿರು ಬಸ್ಸಿನಲ್ಲೇ ಈ ಮನೆಗೆ ಸಾಮಾನು ತಂದದ್ದು, ಮರುವರ್ಷ ಹಳದಿ ಆದದ್ದು ಅಂತ ಇವಳ ಅಮ್ಮ. ಅಲ್ಲ, ಹಳದಿ ಆದ ಮೇಲೆ ಹಸಿರು ಅಂತ ನಾನು. ಕಣ್ಣು ಇದ್ದಾಗ ಒಂದು ಮೂಲೆ ಕೆರೆದು ನೋಡಬಹುದಿತ್ತು, ಮನಸ್ಸಾಗಲಿಲ್ಲ. ಎಲ್ಲ ಬಣ್ಣ ಸಾಲಾಗಿ ಹೇಳಿದರೆ ನನಗೆ ವರ್ಷ ವರ್ಷ ನೆನಪು ಹಿಡಿಯಲಿಕ್ಕೆ ಆಗ್ತದೆ."

ಹೆಂಡತಿಯೂ ಬಾಗಿಲಿಗೆ ಬಂದು ನಿಂತರು. ಮೂವರೂ ನನ್ನ ಉತ್ತರಕ್ಕಾಗಿ ಕಾದರು. ಆ ಪಟ್ಟಿ ನನ್ನ ಡೈರಿಯಲ್ಲಿತ್ತು. ತಲೆಯಲ್ಲೂ ಆಗ ಇತ್ತು. ಆದರೆ ಒಂದೊಂದು ಬಣ್ಣ ಒಂದೊಂದಾಗಿ ಕಂಡಿತು ಎಂದರೆ, ಅದನ್ನು ಒಂದೊಂದಾಗಿ ತೆಗೆದವನು ನಾನು ಎಂದಾಗುತ್ತದೆ. ಸೀಮೆಎಣ್ಣೆಯ ಮಾತು ಸುಳ್ಳಾಗುತ್ತದೆ.

"ಇಲ್ಲ, ನೋಡಲಿಲ್ಲ," ಎಂದೆ. "ಎಲ್ಲ ಒಟ್ಟಿಗೇ ಎದ್ದು ಬಂತು."

"ಹೌದಾ," ಎಂದರು ಅವರು. ಬಸ್ಸನ್ನು ತೊಡೆಯ ಮೇಲೆ ಇಟ್ಟುಕೊಂಡರು. ಚಹಾ ಬಂತು, ಜೊತೆಗೆ ಬನ್ಸ್. ತಿಂದು ಬಂದೆ.

ಅದರ ನಂತರ ಕಚೇರಿಯ ಕಿಟಕಿಗೆ ನಾನು ಆದಷ್ಟು ಕಡಿಮೆ ಹೋದೆ. ಗುಮಾಸ್ತೆಯವರು ಮೊದಲಿನಂತೆಯೇ ಸರ್ ಎನ್ನುತ್ತಿದ್ದರು, ರಜೆಯ ಅರ್ಜಿ ಮೊದಲಿನಂತೆಯೇ ಕಳಿಸುತ್ತಿದ್ದರು. ಅಪ್ಪನ ಸುದ್ದಿ ಮಾತ್ರ ಅವರಾಗಿ ಹೇಳುತ್ತಿರಲಿಲ್ಲ, ನಾನಾಗಿ ಕೇಳುತ್ತಿರಲಿಲ್ಲ. ಆ ದಿನದಿಂದ ಬಣ್ಣ ತೆಗೆಯುವ ಕೆಲಸವನ್ನೇ ಬಿಟ್ಟೆ ಎಂದು ನನಗೆ ನೆನಪು. ಸ್ನೇಹಿತರಿಗೂ ಹಾಗೆಯೇ ಹೇಳಿಕೊಂಡಿದ್ದೇನೆ. ಡೈರಿಯ ಪ್ರಕಾರ ಮುಂದಿನ ತಿಂಗಳೇ ಎರಡು ಕಾರು ಮುಗಿಸಿದ್ದೇನೆ. ಒಂದರ ಬಗ್ಗೆ "ಚೆನ್ನಾಗಿ ಬಂತು" ಎಂದೂ ಬರೆದಿದ್ದೇನೆ.

ಹೀಗೆ ಐದಾರು ವರ್ಷ ಕಳೆಯಿತು. ನನಗೆ ಬಂಟ್ವಾಳದ ಹತ್ತಿರವೇ ಒಂದು ಕಾಲೇಜಿನಲ್ಲಿ ಕೆಲಸವಾಗಿ, ಮೂಡುಬಿದಿರೆಯ ಕೋಣೆ ಖಾಲಿ ಮಾಡುತ್ತಿದ್ದೆ. ಪುಸ್ತಕ ಕಟ್ಟುವಾಗ ಆ ಡೈರಿ ಸಿಕ್ಕಿತು. ಪಟ್ಟಿಯ ಪುಟ ತೆರೆದುಕೊಂಡಿತು. ಒಂಬತ್ತು ಬಣ್ಣ, ಒಂದರ ಕೆಳಗೊಂದು, ಪರೀಕ್ಷೆಯ ಉತ್ತರದಂತೆ ಅಚ್ಚುಕಟ್ಟಾಗಿ. ಊರು ಬಿಡುವ ಮೊದಲು ಇದನ್ನು ಹೇಳಿ ಮುಗಿಸಬೇಕೆಂದು ನಿಶ್ಚಯಿಸಿದೆ. ಧೈರ್ಯ ಎಂದು ಹೇಳಿಕೊಳ್ಳುವಂತಿಲ್ಲ. ಮಗಳು ಕಚೇರಿಯಲ್ಲಿರುವ ಹೊತ್ತು ನೋಡಿ, ವಾರದ ನಡುವೆ ಹೋದೆ.

ಡ್ರೈವರಿಗೆ ಆಗ ಬೆಳಕು ಕತ್ತಲೆ ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ದನಿಯಲ್ಲೇ ಗುರುತು ಹಿಡಿದರು. "ಚಕ್ರದ ಮಾಷ್ಟ್ರು!" ಎಂದರು. ಬಸ್ಸು ಅವರ ಪಕ್ಕದ ಸ್ಟೂಲಿನ ಮೇಲೆಯೇ ಇತ್ತು.

"ಅವತ್ತು ನೀವು ಬಣ್ಣದ ಸಾಲು ಕೇಳಿದ್ದಿರಿ. ನಾನು ಬರೆದಿಟ್ಟದ್ದು ಉಂಟು," ಎಂದೆ.

ಅವರು ನೆಟ್ಟಗೆ ಕೂತರು. ಹೆಂಡತಿಯನ್ನು ಕೂಗಿದರು. ನಾನು ಮೇಲಿನಿಂದ ಶುರುಮಾಡಿದಾಗ ತಡೆದು, "ಕೆಳಗಿನಿಂದ ಓದಿ, ಕೆಳಗಿನಿಂದ. ಮೊದಲ ವರ್ಷ ಅಲ್ಲಿ ಅಲ್ವ ಇರುವುದು," ಎಂದರು. ಕೆಳಗಿನಿಂದ ಓದಿದೆ. ಒಂದೊಂದು ಬಣ್ಣಕ್ಕೂ ಬೆರಳು ಮಡಚುತ್ತಾ ಹೋದರು. ಕೆನೆಬಣ್ಣಕ್ಕೆ, "ಧಣಿಗಳ ಮಗಳ ಮದುವೆಯ ವರ್ಷ," ಎಂದರು. ಇನ್ನೊಂದಕ್ಕೆ, "ಕಂಡಕ್ಟರ್ ಮಂಗಳೂರಿಗೆ ಹೋದದ್ದು," ಎಂದರು. ಹಸಿರು ಬಂತು, ಅದರ ಮೇಲೆ ಹಳದಿ.

"ನಾನು ಹೇಳಿದ್ದಲ್ವ!" ಎಂದು ಹೆಂಡತಿ ಕೈತಟ್ಟಿದರು. "ಹಸಿರೇ ಮೊದಲು! ಇಷ್ಟು ವರ್ಷ ನನ್ನನ್ನು ಮರೆವಿನವಳು ಮಾಡಿದಿರಿ ನೀವು!"

ಡ್ರೈವರು ನಗಲಿಲ್ಲ. ಒಂಬತ್ತೂ ಮುಗಿದ ಮೇಲೆ ಮಡಚಿದ ಬೆರಳುಗಳನ್ನು ಹಾಗೆಯೇ ಹಿಡಿದುಕೊಂಡು ಕೇಳಿದರು:

"ಹಾಗಾದರೆ ಬಣ್ಣ ತೆಗೆದದ್ದು ನೀವೇ."

"ಹೌದು."

"ಅದು ನನಗೆ ಅವತ್ತೇ ಗೊತ್ತಿತ್ತು ಮಾಷ್ಟ್ರೇ. ಪೇಂಟ್ ಮುಟ್ಟಿದ ಕೈಯನ್ನು ನಾನು ಸೀಮೆಎಣ್ಣೆಯಲ್ಲೇ ತೊಳೆದವನು. ಒಣಗಿದ ಎನಾಮಲ್ ಅದಕ್ಕೆ ಬಗ್ಗುವುದಿಲ್ಲ. ಹೋಗಲಿ, ಚಂದ ಮಾಡಲಿಕ್ಕೆ ಹೋಗಿ ಹಾಗಾಯ್ತು, ಹೇಳಲಿಕ್ಕೆ ನಾಚಿಕೆ ಆಗ್ತದೆ ಪಾಪ ಅಂತ ಬಿಟ್ಟೆ." ಬೆರಳುಗಳನ್ನು ಬಿಡಿಸಿದರು. "ಇದು ಗೊತ್ತಿರಲಿಲ್ಲ. ನೀವು ನೋಡಿಯೂ ಆಗಿತ್ತು, ಬರೆದೂ ಆಗಿತ್ತು. ನಾನು ಕೇಳಿದೆ. ನೀವು ಇಲ್ಲ ಅಂದಿರಿ."

ನಾನು ಏನೋ ಹೇಳಲು ಹೊರಟೆ. ತಪ್ಪಾಯಿತು ಎಂದೇ ಹೇಳಿರಬೇಕು. ಯಾವ ಮಾತಿನಲ್ಲಿ ಹೇಳಿದೆನೋ ನೆನಪಿಲ್ಲ. ಅವರು ಸ್ಟೂಲಿನ ಮೇಲಿನ ಬಸ್ಸನ್ನು ತಡವಿ ತೆಗೆದು ನನ್ನ ಕಡೆಗೆ ಚಾಚಿದರು.

"ಇದನ್ನು ತೆಕ್ಕೊಂಡು ಹೋಗಿ. ನನಗೆ ಇದರ ಹೆಸರು ಬೆರಳಿಗೆ ಸಿಗುವುದಿಲ್ಲ. ಕೆಲವು ಸಲ ಸಿಕ್ಕಿದ ಹಾಗೆ ಆಗ್ತಿತ್ತು, ಇನ್ನು ಆಗುವುದಿಲ್ಲ. ಆ ಕಾಗದ ಇಲ್ಲಿ ಇಟ್ಟು ಹೋಗಿ. ಮಗಳು ಬಂದ ಮೇಲೆ ಓದಿಸ್ತೇನೆ."

ಡೈರಿಯಿಂದ ಪುಟ ಹರಿದು ಅವರ ಹೆಂಡತಿಯ ಕೈಗೆ ಕೊಟ್ಟೆ. ಅವರು ಅದನ್ನು ನಾಲ್ಕಾಗಿ ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ಚಹಾ ಕುಡಿದು ಹೋಗಿ ಎಂದು ಯಾರೂ ಹೇಳಲಿಲ್ಲ.

ಮೂಡುಬಿದಿರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸನ್ನು ಮಡಿಲಲ್ಲಿ ಇಟ್ಟುಕೊಂಡು ಬಣ್ಣದ ಸಾಲನ್ನು ಬಾಯಿಪಾಠ ಒಪ್ಪಿಸಿ ನೋಡಿದೆ. ಏಳಕ್ಕೆ ನಿಂತಿತು. ಉಳಿದ ಎರಡು ಇವತ್ತಿನವರೆಗೂ ಬಂದಿಲ್ಲ. ವೇಣೂರಿಗೆ ಮುಟ್ಟುವಾಗ ಆ ಪುಟವನ್ನೇ ಕಣ್ಣ ಮುಂದೆ ತಂದುಕೊಳ್ಳಲು ಹೋದೆ. ಆಗ ಪಟ್ಟಿಯ ಕೆಳಗಿನ ಸಾಲುಗಳು ಕಂಡವು. ಜೋರಾಗಿ ಓದುವಾಗ ನಾನು ಅವನ್ನು ಹಾರಿಸಿದ್ದೆ. ಹಾರಿಸಿದ್ದೇನೆ ಎಂಬುದೂ ನನಗೆ ಗೊತ್ತಾಗಿರಲಿಲ್ಲ. ಬಣ್ಣಗಳನ್ನು ಮರೆತ ನೆನಪು ಅವನ್ನು ಮಾತ್ರ ಒಂದಕ್ಷರ ಬಿಡದೆ ಇಟ್ಟುಕೊಂಡಿದೆ: "ಯಾರೋ ಅರಿಯದವರು ಗೇಟಿನ ಪೇಂಟನ್ನು ಮೆತ್ತಿ ಮೆತ್ತಿ ಹಾಳುಮಾಡಿದ್ದರು. ಹೆಸರು ಕೆರೆಯಲು ಮಾತ್ರ ಕಷ್ಟವಾಯಿತು. ಈಗ ಲೋಹ ಹೊಳೆಯುತ್ತಿದೆ. ಒಳ್ಳೆಯ ಭಾನುವಾರ."

ಇಳಿದು ಹಿಂದೆ ಹೋಗಬಹುದಿತ್ತು. ಒಂದು ಗಂಟೆಯೊಳಗೆ ಆ ಪುಟವನ್ನು ಏನಾದರೂ ನೆಪ ಹೇಳಿ ವಾಪಸು ತರಬಹುದಿತ್ತು. ಮತ್ತೊಂದು ಸುಳ್ಳು ಬೇಡ ಎಂದು ಇಳಿಯಲಿಲ್ಲವೋ, ಆ ಜಗಲಿಗೆ ಮತ್ತೆ ಹತ್ತಲು ಮುಖವಿಲ್ಲದೆ ಇಳಿಯಲಿಲ್ಲವೋ ತಿಳಿಯದು. ಮುಂದೆ ರಸ್ತೆ ಕಿರಿದಾದಲ್ಲಿ ಬೆಳ್ತಂಗಡಿಗೆ ಹೋಗುವ ಬಸ್ಸು ಎದುರಿನಿಂದ ಬಂತು. ಎರಡೂ ಬಸ್ಸುಗಳು ಪಕ್ಕಪಕ್ಕದಲ್ಲಿ ನಿಂತವು, ಡ್ರೈವರುಗಳು ಏನೋ ಮಾತಾಡಿಕೊಂಡರು. ಆಚೆ ಬಸ್ಸಿನ ಕಿಟಕಿಯಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಕಚೇರಿ ಮುಗಿಸಿ ಮನೆಗೆ ಹೊರಟಿದ್ದ ಗುಮಾಸ್ತೆಯವರು ಕೂತಿದ್ದರು. ನನ್ನನ್ನು ಕಂಡು ಅಭ್ಯಾಸದಂತೆ ನಕ್ಕರು. ಆಮೇಲೆ ನನ್ನ ಮಡಿಲಲ್ಲಿದ್ದ ನೀಲಿ ಬಸ್ಸು ಅವರಿಗೆ ಕಂಡಿತು.

"ಸರ್, ಅದು..." ಎಂದರು.

ಅವರ ಬಸ್ಸು ಹೊರಟಿತು.